ಲಾಕ್ ಹಿಡಿದು ಕಾಯಬಾರದು

ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಜಮಖಾನೆ ನೇಯುವ ಜರೀನಾಬಿಯ ಪಕ್ಕದ ಬೆಂಚಿನಲ್ಲಿ ಇಬ್ಬರು ಎಂಜಿನಿಯರರು ಒಂದೇ ಲ್ಯಾಪ್‌ಟಾಪಿಗೆ ಬಗ್ಗಿದ್ದರು.

"ಮೈತ್ರೇಯಿ, ಮಷೀನ್ ನಡಸೂ ಕರ್ನಲ್ ಡ್ರೈವರಿನ್ಯಾಗ ಒಂದೊಂದ ಸಾಲಾಗಿ ಹುಡುಕೂ ಲಿಸ್ಟ್ ತಗದು, ಕವಲು ಹಿಡದು ಹುಡುಕೂ ಟ್ರೀ ಹಾಕೇನಿ. ಹುಡುಕೂದು ಅಗದಿ ಜಲ್ದಿ ಆಗೇತಿ."

"ಖರೆ, ಶಾಕೀರ್. ಆದ್ರ ಟ್ರೀಗೆ ಹೊಸಾದು ಸೇರಿಸಲಿಕ್ಕೆ ಮೆಮೊರಿ ಬೇಕು. ಸಿಗಲಿಲ್ಲಂದ್ರ, ಬ್ಯಾರೆ ಯಾವ ಕೆಲಸನೂ ಒಳಗ ಬಿಡದ ಲಾಕ್ ಹಿಡಕೊಂಡ ಕಾಯ್ತದ. ಉಳಿದದ್ದೆಲ್ಲಾ ನಿಲ್ತದ."

"ಟೆಸ್ಟಿನ್ಯಾಗ ನಿಂತಿಲ್ಲ."

"ಟೆಸ್ಟಿನ್ಯಾಗ ಕೂಸು ಇರಲಿಲ್ಲ. ಇದು ಎಳೆಗೂಸಿನ ಉಸಿರು ನೋಡೂ ಮಷೀನು."

ಕೂಸು ಎಂದದ್ದೇ ಜರೀನಾಬಿ ಅವರತ್ತ ತಿರುಗಿದಳು.

"ಲಾಕ್ ಹಿಡಿಯೂಕಿಂತ ಮೊದಲ ಮೆಮೊರಿ ತಗೊಂಡ್ರ?" ಶಾಕೀರ್ ಕೇಳಿದ.

"ಆಗ್ತದ. ಆದ್ರ ಎಲ್ಲಾ ಕೋಡ್ ತಿರುಗಿ ನೋಡಬೇಕು. ಅಲ್ಲೀತನಕ ಹಳೇ ಲಿಸ್ಟ್ ಇರಲಿ. ಸಾವಕಾಶ ಹುಡುಕ್ತದ, ಆದ್ರ ಕೈ ಬಿಡೂದಿಲ್ಲ."

"ಮ್ಯಾಲಿನವ್ರು ನಿನ್ನೆನ ಈ ಟ್ರೀ ಒಪ್ಪಿಕೊಂಡಾರ. ನನ್ನ ಹೆಸರಿಲೆ ಹೋದ ಮೊದಲನೇ ಕೆಲಸ."

"ಅದಕ್ಕ ನೀನ ಹೇಳಬೇಕು."

ಹುಬ್ಬಳ್ಳಿ ಬಸ್ಸು ಬಂತು, ಜನ ನುಗ್ಗಿದರು.

"ನೀ ಸೀಟ್ ಹಿಡಿ," ಎಂದ ಶಾಕೀರ್. "ಟ್ರೀ ವಾಪಸ್ ತಗೋತೇನಂತ ಅವ್ರಿಗೆ ಬರದ ಬರ್ತೀನಿ."

ಬರೆದ, ಒಮ್ಮೆ ಓದಿದ, ಕಳಿಸಿದ. ಅಷ್ಟರಲ್ಲಿ ಮೈತ್ರೇಯಿ ಹತ್ತಿದ್ದ ಬಸ್ಸು ಹೊರಟೇಬಿಟ್ಟಿತ್ತು. ಲ್ಯಾಪ್‌ಟಾಪು ಎದೆಗವಚಿಕೊಂಡು ಓಡಿದ.

ಜರೀನಾಬಿ ಎದ್ದು ನಿಂತು ಕಂಡಕ್ಟರನಿಗೆ ಕೂಗಿದಳು: "ನಿಲ್ಲಸ್ರಿ ಯಪ್ಪಾ! ಆ ಹುಡುಗನ್ನ ಹತ್ತಿಸಿಕೊಂಡ ಹೋಗ್ರಿ!"

ಬಸ್ಸು ನಿಂತಿತು.