ಕಾರ್ನವರ ಗ್ಲಾಸು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರಾದ ಉದಯಶಂಕರರೇ, ಅವರ ಎಡಬಲದ ಗಣ್ಯರೇ, ಸನ್ಮಾನಕ್ಕೆ ಒಪ್ಪಿ, ಈಗ ಯಾಕಾದರೂ ಒಪ್ಪಿದೆನೋ ಎಂಬ ಮುಖದಲ್ಲಿ ಕುಳಿತಿರುವ ದೀಪ್ತಿ ಮೇಡಂ ಅವರೇ, ಊಟದ ಪರಿಮಳ ಬಂದರೂ ಕುರ್ಚಿ ಬಿಡದ ಸಭಿಕರೇ,

ಕೊಲ್ಲಮೊಗ್ರಿನ ನಮ್ಮ ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಅಭಿನಂದನೆಯ ಮಾತು ಯಾವಾಗಲೂ ನನ್ನ ಪಾಲಿಗೆ. ಕಬಡ್ಡಿ ಆಟಗಾರರನ್ನು ಹೊಗಳಿದ್ದೇನೆ, ನಾಟಿ ವೈದ್ಯರನ್ನು ಹೊಗಳಿದ್ದೇನೆ, ಒಮ್ಮೆ ಅತಿಥಿ ಎಂದು ತಿಳಿದು ಮೈಕಿನವನನ್ನೂ ಹೊಗಳಿದ್ದೇನೆ. ಆದರೆ ಈ ಸಲದಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ. ಯಾಕೆ? ದೀಪ್ತಿ ಮೇಡಂ ದರ್ಬೆ ಪೇಟೆಯ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪಿನ ಎದುರು ಕುಳಿತು ಆಪ್ತಸಮಾಲೋಚನೆ ಮಾಡುತ್ತಾರೆ. ಕುಡಿತ ಬಿಡಲಾಗದವರು, ತುತ್ತು ಕಂಡರೆ ಹೆದರುವ ಹುಡುಗಿಯರು, ಅಪಘಾತ ಕಂಡ ಮೇಲೆ ಸಂಪಾಜೆ ಘಾಟಿಯ ಬಸ್ಸು ಹತ್ತಲಾಗದವರು, ಎಲ್ಲರೂ ಇದ್ದಲ್ಲಿಂದಲೇ ಫೋನಿನಲ್ಲಿ ಅವರೊಡನೆ ಮಾತಾಡುತ್ತಾರೆ. ಅವರೆಲ್ಲ ಯಾರು ಎಂದು ಮೇಡಂ ಯಾರಿಗೂ ಹೇಳುವುದಿಲ್ಲ. ಸಮಿತಿಯ ಸಭೆಯಲ್ಲಿ ಶೈಲೇಶ್ ಕೇಳಿಯೇ ಬಿಟ್ಟ. "ಅಲ್ಲ ಮಾರಾಯ್ರೆ, ಇವರಿಂದ ಗುಣ ಆದವರು ಒಬ್ರಾದ್ರೂ ಉಂಟಾ? ತೋರಿಸಿ ನೋಡುವ." ತೋರಿಸುವುದು ಹೇಗೆ? ಉಪಕಾರ ಪಡೆದವರು ಎದ್ದು ನಿಲ್ಲಿ ಎಂದರೆ ಈ ಸಭೆಯಲ್ಲಿ ಯಾರು ಏಳುತ್ತಾರೆ?

ಹಾಗಾಗಿ ನನ್ನ ಗುರುತಿನ ಒಬ್ಬ ಯಜಮಾನರ ವಿಷಯ ಹೇಳುತ್ತೇನೆ. ಹೆಸರು ಬೇಡ. ಕುಡಿತ ಬಿಡಬೇಕೆಂದು ಅವರು ಮೇಡಂ ಅವರನ್ನು ಹಿಡಿದರು. ಮನೆಯಲ್ಲಿ ಫೋನಿಗೆ ರೇಂಜಿಲ್ಲ. ವಾರಕ್ಕೊಮ್ಮೆ ಜೀಪು ತೆಗೆದುಕೊಂಡು ಸೇತುವೆಯ ಆಚೆ ತಿರುವಿಗೆ ಹೋಗಿ, ಗಾಜು ಏರಿಸಿ ಮಾತಾಡುತ್ತಿದ್ದರು. ಊರವರು ಜಾಗದ ವ್ಯಾಪಾರ ಎಂದುಕೊಂಡರು. ಹೆಂಡತಿ ಬೇರೆಯೇ ಎಂದುಕೊಂಡಳು. ಒಂದು ದಿನ ಸೀತು ನಡೆದೇ ಬಂದು ಜೀಪಿನ ಗಾಜು ತಟ್ಟಿದಳು. "ಯಾರದು ಫೋನಲ್ಲಿ? ಇಲ್ಲಿ ಕೊಡಿ, ನಾನೂ ಸ್ವಲ್ಪ ಮಾತಾಡ್ತೇನೆ." ಕೊಟ್ಟೆ. ಮತ್ತೆ ಅವಳೇ ಮಾತಾಡಿದಳು, ಅತ್ತಳು, ಫೋನು ಬಿಡಲೇ ಇಲ್ಲ. ನಾನು ಹೊರಗೆ ನಿಂತಿದ್ದೆ.

ಕೊಟ್ಟೆ ಎಂದೆನಾ? ಇರಲಿ. ಎದುರಿನ ಸಾಲಿನಲ್ಲಿ ನನ್ನ ಹೆಂಡತಿ ಸೀತು ನಗುತ್ತಿದ್ದಾಳೆ, ನಿಮಗೂ ಗೊತ್ತಾಗಿ ಆಯಿತು. ಆ ಯಜಮಾನ ನಾನೇ.

ಆ ಮಳೆಗಾಲ ಪೂರ್ತಿ ನಾನು ಮುಟ್ಟಲಿಲ್ಲ. ಆಮೇಲೆ ನಮ್ಮಲ್ಲಿ ಕಾರ್ನವರಿಗೆ ಬಡಿಸುವ ದಿನ ಬಂತು. ಕುಟುಂಬದಲ್ಲಿ ತೀರಿಹೋದ ಹಿರಿಯರಿಗೆ ಎಲೆಯಲ್ಲಿ ರೊಟ್ಟಿ, ಕೋಳಿ ಸಾರು, ಪಕ್ಕದಲ್ಲಿ ಒಂದು ಗ್ಲಾಸು ಸಾರಾಯಿ ಇಟ್ಟು ಬಾಗಿಲು ಹಾಕುತ್ತೇವೆ. ಬಾಗಿಲು ತೆರೆದ ಮೇಲೆ ನಮ್ಮ ಮನೆಯಲ್ಲಿ ಆ ಗ್ಲಾಸಿನ ಮೊದಲ ಗುಟುಕು ಯಜಮಾನನದು, ಅದು ಪ್ರಸಾದ. ಹಿರಿಯರು ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಪ್ರಸಾದ ಕುಡಿತದ ಲೆಕ್ಕಕ್ಕೆ ಬಾರದು ಎಂದುಕೊಂಡೆ. ಒಂದೇ ಗುಟುಕು. ಆ ವರ್ಷದ ದೀಪಾವಳಿ ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ.

ಮತ್ತೆ ಜೀಪಿನಲ್ಲಿ ಕುಳಿತು ಫೋನು ಮಾಡುವಾಗ ಬೈಗುಳಕ್ಕೆ ತಯಾರಾಗಿದ್ದೆ. ಬೇರೆ ಕಡೆಯವರಾದರೆ ಬಡಿಸುವಲ್ಲಿಗೆ ಹೋಗಲೇಬೇಡಿ ಎನ್ನುತ್ತಿದ್ದರೋ ಏನೋ. ಮೇಡಂ ಇದೇ ಊರಿನ ಮಗಳು. ನಮ್ಮ ಅರೆಭಾಷೆಯೇ ಅವರ ಮನೆಮಾತು. ಬೈಯಲಿಲ್ಲ, ಕೇಳಿದರು.

"ದುಗ್ಗಪ್ಪಣ್ಣ, ಆ ಗ್ಲಾಸು ನಿಮ್ಮ ಕೈಯಿಂದ ಮತ್ತೆ ಯಾರಿಗೆ ಹೋಗ್ತದೆ?"

"ತಮ್ಮನಿಗೆ," ಎಂದೆ.

"ಹಾಗಾದ್ರೆ ಬಡಿಸುದು ಬಿಡ್ಬೇಡಿ. ಗ್ಲಾಸು ಹಣೆಗೆ ಮುಟ್ಟಿಸಿ ತಮ್ಮನಿಗೆ ಕೊಡಿ. ಆದ್ರೆ ಅವರಿಗೆ ಮೊದ್ಲೇ ಹೇಳಿಡ್ಬೇಕು. ಅಲ್ಲಿ ಎಲ್ಲರೆದುರು ನಿಮ್ಮಿಂದ ಹೇಳ್ಲಿಕ್ಕೆ ಆಗ್ಲಿಕ್ಕಿಲ್ಲ."

ಅಂಗೈಯಗಲದ ಫೋನಿನ ಆಚೆಯಿಂದಲೇ ನನ್ನನ್ನು ಇಷ್ಟು ತಿಳಿದುಕೊಂಡರಲ್ಲ ಎಂದು ಆಶ್ಚರ್ಯವಾಯಿತು. ರೇಂಜು ಹೋಗಿ ಮಾತು ತುಂಡಾದರೆ ಅವರು ಕಾಯುತ್ತಿದ್ದರು, ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು. ನನಗೆ ಅವರ ಮೇಲೆ ಎಷ್ಟು ಗೌರವ ಎಂದು ಹೇಳಲು ಹೋದರೆ ಕಬಡ್ಡಿಯವರಿಗೆ ಹೇಳಿದ ಮಾತೇ ಬಾಯಿಗೆ ಬರುತ್ತದೆ. ಮಾತುಗಾರ ಎಂದು ಕರೆದು ಮೈಕು ಕೊಟ್ಟಿದ್ದೀರಿ, ಕ್ಷಮಿಸಬೇಕು.

ಈ ವರ್ಷ ನಮ್ಮಲ್ಲಿ ಕಾರ್ನವರಿಗೆ ಬಡಿಸುವುದು ಬರುವ ಭಾನುವಾರ. ತಮ್ಮನಿಗೆ ಹೇಳಬೇಕು, ಹೇಳಬೇಕು ಎಂದು ಎಷ್ಟೋ ಸಲ ಅವನ ಅಂಗಳಕ್ಕೆ ಹೋಗಿ, ಬಿಸಿಲಿನ ವಿಷಯ ಮಾತಾಡಿ ಬಂದಿದ್ದೇನೆ. ಅಚ್ಚುತಾ, ನೀನು ಹಿಂದಿನ ಬಾಗಿಲ ಹತ್ತಿರ ನಿಂತದ್ದು ನನಗೆ ಕಾಣುತ್ತದೆ. ಭಾನುವಾರ ಗ್ಲಾಸು ನಿನ್ನ ಕೈಗೆ ಕೊಡುತ್ತೇನೆ. ಅಣ್ಣ ಮೊದಲು ಎಂದು ಮರ್ಯಾದೆಗೆ ತಿರುಗಿ ಕೊಡಬೇಡ.

ಮೇಡಂ, ಹೆಸರು ನೀವು ಹೇಳಿದ್ದಲ್ಲ, ನಾನೇ ಹೇಳಿದ್ದು. ಇನ್ನು ಶೈಲೇಶ್, ಗುಣವಾದವರನ್ನು ತೋರಿಸಿ ಎಂದು ಕೇಳಿದ್ದೆಯಲ್ಲ? ಗುಣ ಎಷ್ಟು ಆಗಿದೆ ಎಂಬುದು ಭಾನುವಾರ ಗೊತ್ತಾಗುತ್ತದೆ. ಆದರೆ ಉಪಕಾರ ಪಡೆದವರು ಎದ್ದು ನಿಲ್ಲಬೇಕು ಎಂದಾದರೆ, ನಾನು ಆಗಿನಿಂದ ನಿಂತೇ ಇದ್ದೇನೆ.

ಗಂಟೆ ಬಾರಿಸದೆ ಬಿಟ್ಟ ಅಧ್ಯಕ್ಷರಿಗೆ, ಇಷ್ಟು ಹೊತ್ತು ಹಸಿವು ತಡೆದುಕೊಂಡ ನಿಮಗೆಲ್ಲ ಧನ್ಯವಾದ. ಸೀತು ಕಣ್ಣೊರೆಸಿಕೊಂಡ ಮೇಲೆ ಊಟಕ್ಕೆ ಹೋಗುವ. ನಮಸ್ಕಾರ.