ಸೂಗಮ್ಮ ತುಂಬಿದ ಉಡಿ

ಕರೆಂಟ್ ಬರೂದು ಇನ್ನೂ ತಡ ಅದ. ಮೊಬೈಲ್ ಆರಸ್ರಿ, ಹೇಳ್ತೀನಿ. ನಡುವ ಯಾರರ ಹಲ್ಲು ಕಿಸದ್ರ ಎದ್ದು ಹೋಗಾಕಿ ನಾನು, ಮೊದಲ ಹೇಳೀನಿ. ಇದು ಯಾರದೋ ಕತಿ ಅಲ್ಲ. ನಮ್ಮ ಚಿಗವ್ವನ ಮಗಳು ಸೂಗಮ್ಮ, ದೇವದುರ್ಗಕ್ಕ ಕೊಟ್ಟಾರಲ್ಲ, ಆಕಿ ಮನ್ಯಾಗ ಆಗಿದ್ದು.

ಅವತ್ತು ಆಕಿ ಮಗಳು ರಾಧಾನ್ನ ಕರಕೊಂಡು, ಸಂತಿ ಮುಗಿಸಿ, ಹೊಲದ ದಾರಿ ಹಿಡಿದು ಬರಾಕತ್ತಿದ್ಲು. ಹೊತ್ತು ಮುಳುಗಿತ್ತು. ಆ ದಾರ್ಯಾಗ ಒಂದು ಹಳೇ ಮೆಟ್ಟಿಲ ಬಾವಿ ಅದ. ಅಕ್ಕಗಳ ಬಾವಿ ಅಂತಾರ. ನೀರಾಗ ಇರೋ ಹೆಣ್ಣು ದೇವತಿಗಳು... ಭಾಳ ಚಂದ ಇರ್ತಾರಂತ, ಅವರಿಗೆ ಮುಪ್ಪು ಇಲ್ಲಂತ. ಹೆಸರು ಹಿಡಿದು ಕರಿಯಂಗಿಲ್ಲ, ಅಕ್ಕಗಳು ಅಂತ ಅಷ್ಟ ಅನ್ನಬೇಕು. ಮನಿ ಮನಿಗೆ ನಳ ಬಂದ ಮ್ಯಾಲೆ ಅಲ್ಲಿ ನೀರು ತರಾಕ ಯಾರೂ ಹೋಗಂಗಿಲ್ಲ. ಹುಡುಗಿ ಬಾಯಾರಿಕಿ ಅಂತ ನಾಕು ಮೆಟ್ಟಿಲ ಇಳೀತು.

ಬುಳಕ್... ಅಂತ ಸಪ್ಪಳ. ಆಮ್ಯಾಲ ಬಳಿ ಸಪ್ಪಳ. ಗಿಲ್... ಗಿಲ್... ನೀರೊಳಗ ಕೈ ಆಡಿಸಿದಂಗ.

"ಯವ್ವಾ, ಒಳಗ ಯಾರೋ ನನ್ನ ನೋಡಿ ನಕ್ರು."

"ಸುಮ್ನ ನಡಿ. ಹೊಳ್ಳಿ ನೋಡಬ್ಯಾಡ."

ರಾತ್ರಿನೇ ಜ್ವರ ಬಂತು. ದೇವದುರ್ಗದಾಗ ತೋರಿಸಿದ್ರು, ರಾಯಚೂರಿಗೆ ಕರಕೊಂಡು ಬಂದು ರಕ್ತ ಚೆಕ್ ಮಾಡಿಸಿದ್ರು. ಏನೂ ಇಲ್ಲ ಅಂದ್ರು. ಹುಡುಗಿ ಮಾತ್ರ ಒಣಗಿ ಕಡ್ಡಿ ಆತು. ಹರಕಿ ಹೊತ್ತು ಹಡದ ಒಂದೇ ಕೂಸು ಅದು.

ಸೂಗಮ್ಮನ ಅತ್ತಿ ಜಂಬಮ್ಮ ಅಂದ್ಲು, "ಅಕ್ಕಗಳ ಮನಸ್ಸು ಕೂಸಿನ ಮ್ಯಾಲೆ ಬಿದ್ದದ. ಮನಿಗೆ ಕರದು, ಉಣಿಸಿ, ಕಳಸೂಣು."

ಬಾವಿಯಿಂದ ಒಂದು ಬಿಂದಿಗಿ ನೀರು ತಂದು ದೇವರ ಮುಂದ ಇಟ್ರು. ಅಲ್ಲಿದೇ ನುಣ್ಣನ ಕಲ್ಲು ತಂದು, ಅರಿಷಿಣ ಕುಂಕುಮ ಹಚ್ಚಿ ಕೂಡಿಸಿದ್ರು. ಹೋಳಿಗಿ, ಮೊಸರನ್ನ ಎಡಿ ಹಿಡಿದ್ರು. ಬೆಳಕು ಹರಿಯೂದ್ರಾಗ ಎಲ್ಲಾ ತಿರುಗಿ ಬಾವಿಗೆ ಬಿಡಬೇಕು. ಅಷ್ಟ.

ನಸುಕಿನ್ಯಾಗ ಮುದುಕಿ ಅಂಗಳ ಕಸ ಹೊಡಿಯಾಕತ್ತಿದ್ಲು. ಸೂಗಮ್ಮ ಬಿಂದಿಗಿ ಎತ್ತಾಕ ಬಗ್ಗಿದ್ಲು. ಒಳಗ... ಯಾರೋ ಬಿಕ್ಕಿದಂಗ.

"ಬರೇ ಉಡೀಲೆ ಕಳಸ್ತೀಯೇನ?"

ಇಲ್ಲೇ ತಪ್ಪಿದ್ದು ನೋಡ್ರಿ. ಸೂಗಮ್ಮಗ ತವರು ಅನ್ನೂದಿಲ್ಲ. ಚಿಗವ್ವ ಸತ್ತ ಮ್ಯಾಲೆ ಆಕಿ ಉಡಿ ತುಂಬಾವ್ರು ಯಾರೂ ಇಲ್ಲ. ತಮ್ಮನ ಹೆಂಡತಿ ಒಳಗ ಕುಂತೇ, ಹೋಗು ಅಂತಾಳ, ಬಾಗಲತನಕನೂ ಬರಂಗಿಲ್ಲ. ಆ ಮಾತು ತನ್ನದೇ ಅನಿಸ್ತು ಆಕಿಗೆ. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಕುಬಸಕ್ಕ ಅಂತ ಒಂದು ಹಸರು ಜಂಪರ ಪೀಸು... ಬಿಂದಿಗಿಗೆ ಉಡಿ ತುಂಬಿ, ಕಣ್ಣಿಗೆ ಸೆರಗು ಹಚ್ಚಿ ಅತ್ಲು.

ಜಂಬಮ್ಮ ಒಳಗ ಬಂದು ನೋಡಿದ್ಲು. ಕೈಯಾಗಿನ ಕಸಬರಗಿ ಜಾರಿ ಬಿತ್ತು.

"ಏನ ಮಾಡಿದೇ ಹುಚ್ಚೀ... ಉಂಡು ಹೋಗಾಕ ಬಂದಿದ್ರು. ಮನಿ ಹೆಣ್ಮಕ್ಕಳು ಮಾಡಿಕೊಂಡ್ಯಲ್ಲ."

"ಅದ್ರಾಗೇನ್ರೀ ಅತ್ತಿ?"

"ಮನಿ ಹೆಣ್ಮಕ್ಕಳು ಹಬ್ಬಕ್ಕ ಬರ್ತಾರ. ಹೋಗುವಾಗ ಜೋಡಿಗೆ ತಂಗಿನ ಕೇಳ್ತಾರ."

ನಮ್ಮ ಕಡಿ ಹಂಗ ಅಲ್ಲೇನು? ತವರಿಂದ ಹೊಂಟಾಕಿ ಸಂಗಾಟ ಒಂದು ಸಣ್ಣ ಹುಡುಗಿನ ನಾಕ್ ದಿನ ಕಳಸ್ತೀವಿ, ಆಕಿಗೆ ಬ್ಯಾಸರ ಆಗಬಾರದಂತ.

ಬಿಂದಿಗಿ ನೀರು, ಕಲ್ಲು, ಉಡಿ ಎಲ್ಲಾ ಬಾವಿಗೆ ಬಿಟ್ಟು ಬಂದ್ರು. ಅವತ್ತೇ ಜ್ವರ ಬಿಡ್ತು. ಹುಡುಗಿ ರೊಟ್ಟಿ ಕೇಳಿ ತಿಂತು. ಸೂಗಮ್ಮ ಮುದುಕಿ ಮಾತು ಮರತ್ಲು. ಯಾರಾದ್ರೂ ಮರೀತಿದ್ರು.

ಪಂಚಮಿ ಬಂತು. ತೊಲಿಗೆ ಜೋಕಾಲಿ ಕಟ್ಟಿದ್ರು. ದೀಪ ಹಚ್ಚೋ ಹೊತ್ತು, ಸೂಗಮ್ಮ ಅಡಗಿ ಮನ್ಯಾಗ ತಂಬಿಟ್ಟು ಕಟ್ಟಾಕತ್ತಿದ್ಲು. ಪಡಸಾಲ್ಯಾಗ ಜೋಕಾಲಿ ಸಪ್ಪಳ. ಕಿರ್ರ್... ಕಿರ್ರ್... ಅದರ ಸಂಗಾಟ... ಗಿಲ್... ಗಿಲ್...

ರಾಧಾನ ಕೈಯಾಗ ಬಳಿ ಇದ್ದಿದ್ದಿಲ್ಲ.

ಹಣಿಕಿ ಹಾಕಿದ್ಲು. ಹುಡುಗಿ ಒಬ್ಬಾಕೇ ಜೀಕಾಕತ್ತಿತ್ತು, ಒಂದು ಮಗ್ಗಲಕ್ಕ ಸರದು, ಬಾಜೂಕ ಜಾಗ ಬಿಟ್ಟು. ಹೊಸ್ತಿಲದಿಂದ ಜೋಕಾಲಿತನಕ ಹಸಿ ಹೆಜ್ಜಿ. ಆ ಖಾಲಿ ಜಾಗದಿಂದ ದನಿ ಬಂತು.

"ಅವ್ವಾ... ತಂಗಿನ ಕಳಸ. ನಾಕ್ ದಿನ."

ಒಲ್ಲೆ ಅನ್ನಬೇಕಂತ ಸೂಗಮ್ಮ ಬಾಯಿ ತಗದ್ಲು. ಮಗಳು ಅಂತ ಉಡಿ ತುಂಬಿದಾಕಿಗೆ ಏನಂತ ಇಲ್ಲ ಅನ್ನೂದು? ಕಣ್ಣು ಪಿಳಕಿಸಿದ್ಲು... ಜೋಕಾಲಿ ಖಾಲಿ.

ಗಂಡ ಉರುಕುಂದಪ್ಪ, ಓಣಿ ಮಂದಿ, ಎಲ್ಲಾರೂ ಬ್ಯಾಟ್ರಿ ಹಿಡಕೊಂಡು ಬಾವಿಗೆ ಓಡಿದ್ರು. ಹುಡುಗಿ ನೀರಿನ ಅಂಚಿಗೆ, ಕಡೀ ಮೆಟ್ಟಿಲ ಮ್ಯಾಲೆ ಕುಂತಿತ್ತು. ಮೈ ಒಣಗೇ ಇತ್ತು. ಎತ್ತಿಕೊಂಡು ಬಂದ್ರು. ಸಿಕ್ಕಳಲ್ಲ ಅಂತ ಎಲ್ಲಾರೂ ಕೈ ಮುಗದ್ರು.

ಮನಿ ಬಾಗಲದಾಗ ಇಳಿಸಿದ್ರು. ಹುಡುಗಿ ಒಳಗ ಬರಲಿಲ್ಲ. ಹೊಸ್ತಿಲ ಹೊರಗ ನಿಂತಿತು, ಬೀಗರು ನಿಂತಂಗ, ಬಾ ಅನ್ನೂತನಕ. ಬಂದು, ಚಾಪಿ ತುದಿಗೆ ಕುಂತು, ತಾಯಿ ಮಾರಿ ನೋಡಿ ಕೇಳ್ತು,

"ಯವ್ವಾ, ನನ್ನ ಯಾವಾಗ ಕಳಸ್ತಿ?"

"ಎಲ್ಲಿಗವ್ವಾ?"

"ನಮ್ಮ ಮನಿಗೆ."

ಸಾಲಿಗೆ ಹೋಗ್ತದ, ಉಣ್ತದ, ಮಕ್ಕೊಂತದ. ಸಂಜಿ ಆತಂದ್ರ ಅದೇ ಮಾತು. ಹೆಣ್ಮಗಳು ಉಡಿ ತುಂಬಿಸಿಕೊಳ್ಳಲಾರದ ತವರಿನ ಹೊಸ್ತಿಲ ದಾಟಿ ತನ್ನ ಮನಿಗೆ ಹೋಗಂಗಿಲ್ಲ, ಅಲ್ಲೇನು? ಅದೊಂದ ಸೂಗಮ್ಮನ ಕೈಯಾಗ ಉಳದದ. ಅದಕ್ಕ ಆ ಮನ್ಯಾಗ ಒಂದು ಕಾಳು ಅಕ್ಕಿ ಇಡಂಗಿಲ್ಲ. ಕೊಬ್ಬರಿ ಇಲ್ಲ. ಹೊಸಾ ಅರಬಿ ಬಟ್ಟಿ ಅಂತೂ ತರಾಂಗೇ ಇಲ್ಲ. "ಎಷ್ಟ ದಿನ ಹಿಂಗ ಹಿಡೀಲಿ, ಶಶಕ್ಕಾ?" ಅಂತ ನನ್ನ ಮುಂದ ಅತ್ಲು. ನನಗೂ ಅಳು ಬಂತು.

ಹೋದ ಬ್ಯಾಸಗ್ಯಾಗ ಹೋಗಿದ್ದೆ. ಹೊಳ್ಳಿ ಬರುವಾಗ ರಾಧಾ ಬಸ್‌ಸ್ಟ್ಯಾಂಡಿನತನಕ ನನ್ನ ಸೆರಗು ಹಿಡಕೊಂಡು ಬಂದ್ಲು. ಬಸ್ ಹೊಂಡೋ ಮುಂದ, ಸಣ್ಣ ದನೀಲೆ ಅಂದ್ಲು,

"ದೊಡ್ಡವ್ವಾ, ಮುಂದಿನ ಸಲ ನನಗೊಂದು ಜಂಪರ ಪೀಸು ತಗೊಂಡು ಬಾ. ಅವ್ವಗ ಹೇಳಬ್ಯಾಡ."

ನಾ ಮತ್ತ ಆ ಊರಿಗೆ ಹೋಗಿಲ್ಲ. ಸುಳ್ಳು ಅನ್ನಾವ್ರು ಅನ್ರಿ. ಬ್ಯಾಸಗಿ ಬಿಸಿಲು ನಿಮಗ ಗೊತ್ತದ. ಕಿಡಕಿ ಬಾಜೂಕ ಕುಂತಿದ್ದೆ, ಬಿಸಿ ಗಾಳಿ ಮಾರಿಗೆ ಬಡಿಯಾಕತ್ತಿತ್ತು. ಆಕಿ ಹಿಡಕೊಂಡಿದ್ದ ಸೆರಗಿನ ತುದಿ ರಾಯಚೂರು ಮುಟ್ಟೂತನಕ ಆರಲಿಲ್ಲ.