ಗುರುವಾರದ ಹಲ್ವಾ

ಕೋಥರೂಡದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕನ್ನಡದಲ್ಲಿ ಮಾತಾಡುತ್ತಿದ್ದರು. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯತೆ ನನಗಿರಲಿಲ್ಲ.

"ಈ ಗುಳಿಗಿ ನಿಮಗೇನ್ರಿ, ನರ್ಮದಾ ವೈನಿ?"

"ನನಗಲ್ಲ, ಕೇತಕಿ. ನಮ್ಮ ಮ್ಯಾಲಿನ ಖೋಲಿ ಶಕೀಬಾಗ. ಅಫ್ಘಾನಿಸ್ತಾನದಿಂದ ಓಡಿ ಬಂದಾಕಿ."

"ರಾತ್ರಿ ಚೀರತಿದ್ಲಲ್ಲ, ಆಕಿ?"

"ಹೌದು. ಕಣ್ಣ ಮುಂದನ ತಮ್ಮಗ ಗುಂಡು ಬಿತ್ತಲ್ಲ, ದಿನಾ ಅದ ಕನಸು. ಗುಳಿಗಿ ತಗೊಂಡ ಮ್ಯಾಲೆ ನಿಂತತು."

"ಛಲೋ ಆತಲ್ರಿ."

"ಆಕಿ ಗುಳಿಗಿನ ಬಿಟ್ಟಬಿಟ್ಳು. ತಮ್ಮ ಕನಸಿನ್ಯಾಗರೆ ಬರತಿದ್ದ, ಈಗ ಅಲ್ಲೂ ಬರವಲ್ಲ ಅಂತ ಅತ್ಲು."

"ಡಾಕ್ಟರ್ ಬೈದ್ರೇನು?"

"ಇಲ್ಲ. ನಿಮ್ಮ ಕಡೆ ಸತ್ತವರಿಗೆ ಏನ ಮಾಡ್ತೀರಿ ಅಂತ ಕೇಳಿದ್ರು. ಗುರುವಾರ ಸಂಜಿಗೆ ಹಲ್ವಾ ಮಾಡಿ ಹಂಚತಾರಂತ. ಆ ವಾಸನಿಗೆ ಸತ್ತವರು ಬಾಗಲತನಕಾ ಬರತಾರಂತ. ಗುಳಿಗೀನೂ ತಗೋ, ಅದನ್ನೂ ಮಾಡು ಅಂದ್ರು."

"ಮಾಡಿದ್ಲೇನು?"

"ನಿನ್ನೆ ಇಬ್ಬರೂ ಕೂಡಿ ಮಾಡಿದ್ವಿ, ನಮ್ಮ ಅಡಿಗಿಮನ್ಯಾಗ. ಬಾಗಲಾ ತಗದಿಟ್ಟಿದ್ವಿ."

"ನಿದ್ದಿ ಬಂತಂತ?"

"ಆಕಿಗೆ ಬಂತು. ನಾ ಬೆಳತನಕಾ ಬಾಗಲಾ ಹಾಕಲಿಲ್ಲ."

"ಯಾಕ್ರಿ?"

"ಒಂದು ಬಟ್ಟಲ ನಮ್ಮ ಓಂಕಾರನ ಹೆಸರಿಲೆ ಇಟ್ಟಿದ್ದೆ."

ಕೇತಕಿ ಮೆಲ್ಲಗೆ ಹೇಳಿದರು:

"ನಿಮ್ಮ ಮಗಗ ಯಾಲಕ್ಕಿ ಸೇರತಿರಲಿಲ್ಲಲ್ರಿ."

"ಅದಕ್ಕ ಹಾಕಲಿಲ್ಲ," ಎನ್ನುತ್ತ ನರ್ಮದಾ ಎದ್ದರು. ಅವರ ಸ್ಟಾಪ್ ಬಂದಿತ್ತು.